ನಡುವಿನ ಬಲ

ಬೆನ್ನುನೋವಿನ ಮಾತು ಬಂದಲ್ಲೆಲ್ಲ ಈಗ 'ಕೋರ್' ಎಂಬ ಶಬ್ದವೂ ಬರುತ್ತದೆ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ನಮ್ಮ ಮನೆಗಳ ತರುಣರು ಮೊಬೈಲಿನಲ್ಲಿ ನೋಡಿ ಹೊಟ್ಟೆಯ ವ್ಯಾಯಾಮಕ್ಕೆ ತೊಡಗಿದ್ದಾರೆ. ಸಂತೋಷವೇ. ಆದರೆ ಆ ಶಬ್ದದ ಬೆನ್ನಿಗೇ ಬಂದ ಕೆಲವು ತಪ್ಪು ಕಲ್ಪನೆಗಳಿಂದ ನೋವುಳ್ಳವರು ಬಾಗುವುದಕ್ಕೂ ಅಂಜುವಂತಾಗಿದೆ. ನಡು ಗಟ್ಟಿಯಿಲ್ಲವೆಂಬ ಭಯದಿಂದ ಅಂಗಳ ಗುಡಿಸುವುದನ್ನೂ ಅಡಿಕೆ ಹೆಕ್ಕುವುದನ್ನೂ ಬಿಟ್ಟು ಕುಳಿತ ತಾಯಂದಿರನ್ನು ನಾವು ಬಲ್ಲೆವು.

ನಡುವೆಂದರೆ ಹೊಟ್ಟೆಯ ಮುಂಭಾಗ ಮಾತ್ರವಲ್ಲ. ಕನ್ನಡಿಯಲ್ಲಿ ಗಂಟುಗಂಟಾಗಿ ತೋರುವ ಸ್ನಾಯು ಅದರ ಒಂದು ಪಾಲು. ಮೇಲ್ಗಡೆ ಉಸಿರಾಟದ ವಪೆ, ತಳದಲ್ಲಿ ಮಲಮೂತ್ರಗಳನ್ನು ಹಿಡಿದಿಡುವ ಸ್ನಾಯುಗಳು, ಹಿಂದೆ ಬೆನ್ನೆಲುಬಿಗೆ ಅಂಟಿಕೊಂಡವು, ಸುತ್ತಲೂ ಪಟ್ಟಿ ಬಿಗಿದಂತಿರುವ ಒಳಗಿನ ಅಡ್ಡ ಸ್ನಾಯು. ಇವೆಲ್ಲ ಸೇರಿದರೆ ನಡು. ಮಲಗಿ ಏಳುವ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜು ಕರಗುತ್ತದೆಂಬುದೂ ಭ್ರಮೆಯೇ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ಜನರ ಪೈಕಿ ಒಂದು ಗುಂಪಿನವರು ಆರು ವಾರ ಹೊಟ್ಟೆಯ ವ್ಯಾಯಾಮವನ್ನೇ ಮಾಡಿದರು. ಸ್ನಾಯುವಿನ ತಾಳಿಕೆ ಹೆಚ್ಚಿತು. ಬೊಜ್ಜು ಇದ್ದಲ್ಲೇ ಇತ್ತು.

ಈ ಒಳಸ್ನಾಯುವಿಗೆ ಇಷ್ಟೊಂದು ಕೀರ್ತಿ ಬಂದದ್ದು 1996ರಿಂದ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಸಂಶೋಧಕರಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸಂಗತಿಯನ್ನು ಕಂಡರು: ಆರೋಗ್ಯವಂತರು ತೋಳೆತ್ತುವ ಮೊದಲೇ ಅಡ್ಡ ಸ್ನಾಯು ಬಿಗಿಯುತ್ತದೆ, ಬೆನ್ನುನೋವಿದ್ದವರಲ್ಲಿ ಅದು ತಡವಾಗುತ್ತದೆ. ತಡವೆಂದರೆ ಸೆಕೆಂಡಿನ ಸಾವಿರದ ಅಂಶಗಳ ಲೆಕ್ಕ! ಅದು ನೋವಿನ ಕಾರಣವೋ ಪರಿಣಾಮವೋ ಎಂಬುದನ್ನು ಆ ಪ್ರಯೋಗ ನಿರ್ಣಯಿಸಲಿಲ್ಲ. ಆದರೂ ಹೊಕ್ಕುಳನ್ನು ಸದಾ ಒಳಗೆಳೆದುಕೊಂಡಿರಬೇಕೆಂಬ ಉಪದೇಶ ವ್ಯಾಯಾಮಶಾಲೆಗಳಲ್ಲಿ ಹಬ್ಬಿತು. ಸಂಶೋಧನೆ ಎರಡು ಹೆಜ್ಜೆ ಇಟ್ಟರೆ ಪ್ರಚಾರ ಇಪ್ಪತ್ತು ಹೆಜ್ಜೆ ಓಡುವುದು ಹೊಸತೇನಲ್ಲ. 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ಬಹುಕಾಲದ ಬೆನ್ನುನೋವಿನ ಬಗೆಗಿನ 29 ಅಧ್ಯಯನಗಳನ್ನು ತೂಗಿ ನೋಡಿದರು. ಈ ಸ್ನಾಯುಗಳಿಗೆಂದೇ ರೂಪಿಸಿದ ವ್ಯಾಯಾಮ ಪ್ರಯೋಜನಕಾರಿ ಹೌದು, ಆದರೆ ಇತರ ವ್ಯಾಯಾಮಗಳಿಗಿಂತ ಮೇಲೆನ್ನುವಂತಿಲ್ಲ ಎಂಬುದು ಅವರ ತೀರ್ಮಾನ. ನಡಿಗೆಯೂ ತೋಟದ ಹಗುರ ಕೆಲಸವೂ ವ್ಯಾಯಾಮವೇ ತಾನೆ?

ಸ್ಥಿರತೆ ಎಂದರೆ ಕಂಬದಂತೆ ಸೆಟೆದಿರುವುದೆಂದು ತಿಳಿಯುವವರು ನಮ್ಮ ತೆಂಕುತಿಟ್ಟಿನ ಆಟವನ್ನೊಮ್ಮೆ ನೋಡಬೇಕು. ಪುಂಡುವೇಷದವನು ಧೀಂಗಿಣ ಹಾಕುವಾಗ ಅವನ ನಡು ತಿರುಗುತ್ತದೆ, ಬಾಗುತ್ತದೆ, ನೆಗೆತದ ಕೊನೆಗೆ ನೆಲ ಸೋಕುವಾಗ ಬೇಕಾದಷ್ಟೇ ಬಿಗಿಯುತ್ತದೆ. ಮರುಕ್ಷಣ ಅವನು ಉಸಿರು ತಿದ್ದಿಕೊಂಡು ಅರ್ಥ ಹೇಳಬೇಕು. ಹೊಟ್ಟೆಯನ್ನು ಹಗಲಿರುಳು ಕಟ್ಟಿಟ್ಟವನಿಂದ ಅದು ಸಾಧ್ಯವೇ? ಹೊರೆಗೆ ತಕ್ಕಂತೆ ಬಿಗಿಯುವುದು, ಹೊರೆ ಇಳಿದಾಗ ಸಡಿಲುವುದು, ಇವೆರಡೂ ನಡುವಿನ ಕೆಲಸ. ಅಕ್ಕಿಮುಡಿ ಹೊರುವಾಗಿನ ಬಿಗಿ ಕೆಳಗೆ ಬಿದ್ದ ಒಂದು ಹೂ ಹೆಕ್ಕುವುದಕ್ಕೆ ಬೇಕಿಲ್ಲ.

ಅಭ್ಯಾಸ ಮಾಡಬಯಸುವವರು ಚಾಪೆಯ ಮೇಲೆ ಅಂಬೆಗಾಲಿನ ಮಗುವಿನಂತೆ ನಿಂತು ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಹತ್ತು ಎಣಿಸಲಿ, ಬಳಿಕ ಬದಲಿಸಲಿ. ಎಣಿಕೆ ಬಾಯಿಬಿಟ್ಟೇ ಆಗಲಿ. ಉಸಿರು ಕಟ್ಟಿದರೆ ಶ್ರಮ ಅತಿಯಾಯಿತೆಂದು ಅರ್ಥ. ಮಂಡಿ ನೋಯುವ ಹಿರಿಯರು ಗೋಡೆಗೆ ಅಂಗೈಯೂರಿ ಓರೆಯಾಗಿ ನಿಂತರೂ ಸಾಕು. ಆದರೆ ಬೆನ್ನುನೋವಿನೊಂದಿಗೆ ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ವ್ಯಾಯಾಮದ ವಿಷಯವಲ್ಲ. ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.