ಭಾಮೆಯ ಗರುಡನೆಲ್ಲಿ?

ಹೆಂಗಸರು ಘೋರಾಕಾರದ ಮೃಗಗಳನ್ನೇರಿ ಪಂತ ಕಟ್ಟಿ ಓಡಿಸುವ ಕಥೆಯೊಂದನ್ನು ಯಾರಾದರೂ ಕನ್ನಡದಲ್ಲಿ ಆರುನೂರು ಪುಟ ಬರೆದರೆನ್ನಿ. ನಮ್ಮ ವಿಮರ್ಶಕ ಮಹಾಶಯರು ಅದನ್ನು ಮಕ್ಕಳ ಪುಸ್ತಕದ ಕಪಾಟಿಗೆ ಸಾಗಿಸುತ್ತಾರೆ. ಸ್ವಲ್ಪ ಉದಾರಿಗಳಾದವರು, "ಕಲ್ಪನೆ ಚೆನ್ನಾಗಿದೆ, ಆದರೆ ಇದು ನಮ್ಮ ಮಣ್ಣಿನದಲ್ಲ" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ಅದೇ ಕಥೆ ಇಂಗ್ಲಿಷಿನಲ್ಲಿ ಬಂದರೆ ಅವರ ಮನೆಯ ಮಕ್ಕಳೇ ರಾತ್ರಿಯೆಲ್ಲ ದೀಪ ಉರಿಸಿ ಓದುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ. ಕಪಾಟಿನ ಮಾತು ಹಾಗಿರಲಿ, "ನಮ್ಮ ಮಣ್ಣಿನದಲ್ಲ" ಎಂಬ ಮಾತನ್ನು ನಾನು ಸುಮ್ಮನೆ ಬಿಡಲಾರೆ. ಯಾವ ಮಣ್ಣು, ಸ್ವಾಮೀ?

ನಾನು ಕುಲಗೋಡದ ಮಣ್ಣನ್ನೇ ಎತ್ತಿಕೊಳ್ಳುತ್ತೇನೆ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಈ ಊರಿನ ಹೆಸರು ನಾಡಿಗೆಲ್ಲ ತಿಳಿದದ್ದು ಶ್ರೀಕೃಷ್ಣ ಪಾರಿಜಾತದಿಂದ. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ಆಟದ ಕಟ್ಟೆಗೆ ತಂದು, ತಿದ್ದಿ ಬೆಳೆಸಿದನೆಂದು ಬಲ್ಲವರು ಹೇಳುತ್ತಾರೆ. ಕಥೆಯೇನೋ ಸಣ್ಣದು. ನಾರದ ತಂದ ದೇವಲೋಕದ ಹೂವು ರುಕ್ಮಿಣಿಯ ಮುಡಿಗೆ ಹೋಯಿತು, ಸತ್ಯಭಾಮೆ ಮುನಿದಳು, ಅವಳನ್ನು ಒಲಿಸಲು ಕೃಷ್ಣ ಕೊರವಂಜಿಯಾಗಿ ಬಂದ. ಇಷ್ಟಕ್ಕೆ ಬೆಳತನಕ ಆಟ.

ಈಗ ಭಾಗವತದ ದಶಮಸ್ಕಂಧವನ್ನು ತೆರೆದು ನೋಡಬೇಕು. ಅಲ್ಲಿ ಪಾರಿಜಾತವೆಂದರೆ ಮುಡಿಯ ಹೂವಲ್ಲ, ಬುಡಸಹಿತ ಕಿತ್ತು ತಂದ ಮರ. ಅದನ್ನು ತರಲು ಹೋದವನು ಕೃಷ್ಣನೊಬ್ಬನೇ ಅಲ್ಲ. ಭಾಮೆ ಅವನೊಡನೆ ಗರುಡನ ಬೆನ್ನೇರಿ ಮೊದಲು ಪ್ರಾಗ್ಜ್ಯೋತಿಷಕ್ಕೆ ಹೋಗಿ ನರಕಾಸುರನ ಕಾಳಗವನ್ನು ಕಂಡು, ಅಲ್ಲಿಂದ ಅಮರಾವತಿಗೆ ನಡೆದು, ಇಂದ್ರನ ದಂಡು ಸೋತ ಮೇಲೆ ಮರದೊಡನೆ ದ್ವಾರಕೆಗೆ ತಿರುಗಿ ಬಂದವಳು. ಗರುಡನೆಂದರೆ ಅಂಗಳದ ಹಕ್ಕಿಯೇನಲ್ಲ. ಹಸಿವಿಗೆಂದು ಆನೆಯನ್ನೂ ಆಮೆಯನ್ನೂ ಒಂದೊಂದು ಕಾಲಿನ ಉಗುರಲ್ಲಿ ಹಿಡಿದು ಹಾರಿದನೆಂದು ಮಹಾಭಾರತದ ಆದಿಪರ್ವ ಹೇಳುವ ಪ್ರಾಣಿ ಅದು. ಅಂಥದರ ಬೆನ್ನ ಮೇಲೆ ಕುಳಿತು ಲೋಕದಿಂದ ಲೋಕಕ್ಕೆ ದಾಟಿದ ಹೆಂಗಸು ನಮ್ಮ ಬಯಲಾಟದ ಕಟ್ಟೆಗೆ ಬರುವಷ್ಟರಲ್ಲಿ ಅಂತಃಪುರದಲ್ಲಿ ಮುಖ ತಿರುವಿ ಕುಳಿತ ಸವತಿಯಾದಳು. ಹೂವು ಉಳಿಯಿತು, ಗರುಡ ಹಾರಿಹೋದ.

ತಮ್ಮಣ್ಣನ ಮೇಲೆ ನನಗೆ ಜಗಳವಿಲ್ಲ. ಗರುಡನನ್ನು ಕಟ್ಟೆಯ ಮೇಲೆ ಹಾರಿಸುವುದು ಕಷ್ಟ. ಪೆಟ್ರೋಮ್ಯಾಕ್ಸಿಗೂ ಮುಂಚಿನ ಪಂಜಿನ ಬೆಳಕಿನಲ್ಲಿ ಇನ್ನೂ ಕಷ್ಟ. ಅವನು ವಾಹನವನ್ನು ಕಿತ್ತುಕೊಂಡರೂ ಭಾಮೆಗೆ ಬಾಯಿ ಕೊಟ್ಟ. ದೇವರೇ ಗಂಡನಾಗಿದ್ದರೂ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುವ ಆ ಠೀವಿಯನ್ನು ನೋಡಿದವರು ಮರೆಯುವುದಿಲ್ಲ. ಕುಲಗೋಡಕ್ಕೆ ಹತ್ತಿರದ ಕೌಜಲಗಿಯ ನಿಂಗಮ್ಮ ಈ ಪಾರಿಜಾತದಿಂದಲೇ ಹೆಸರಾದ ಕಲಾವಿದೆ. ಹೆಣ್ಣಿನ ವೇಷವನ್ನೂ ಗಂಡಸೇ ಕಟ್ಟುತ್ತಿದ್ದ ಆಟಗಳ ನಡುವೆ ಒಬ್ಬ ಹೆಂಗಸು ಬಯಲಿಗೆ ಬಂದು ನಿಂತದ್ದು ಗರುಡನನ್ನೇರಿದ್ದಕ್ಕಿಂತ ಕಡಿಮೆಯ ಸಾಹಸವೇನಲ್ಲ. ನನ್ನ ಜಗಳವಿರುವುದು ಆಮೇಲೆ ಬಂದ, ಛಾಪಖಾನೆಯ ಸೌಕರ್ಯವಿದ್ದೂ ಗರುಡನನ್ನು ಮರಳಿ ಕರೆಯದ ನಮ್ಮಂಥ ಬರೆಯುವ ಜನರ ಮೇಲೆ. ಕಾಗದದ ಮೇಲೆ ಹಾರಿಸಲು ಹಗ್ಗ ರಾಟೆ ಬೇಕಿಲ್ಲವಷ್ಟೆ.

ಭಾಮೆ ಸಾಲದೆಂದರೆ ಪ್ರಮೀಳೆ ಇದ್ದಾಳೆ. ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ನಮ್ಮ ಅಜ್ಜಂದಿರು ಬಾಯಿಪಾಠ ಮಾಡಿದ್ದರು. ಧರ್ಮರಾಯನ ಯಜ್ಞದ ಕುದುರೆ ಅಲ್ಲಿ ಒಂದು ಕಡೆ ಶಾಪದಿಂದ ಹೆಣ್ಣು ಕುದುರೆಯಾಗುತ್ತದೆ, ಮುಂದೆ ಇನ್ನೊಂದು ಶಾಪದಿಂದ ಹುಲಿಯಾಗುತ್ತದೆ, ಮತ್ತೆ ಕುದುರೆಯಾಗಿ ಸ್ತ್ರೀರಾಜ್ಯವನ್ನು ಹೊಗುತ್ತದೆ. ಅಲ್ಲಿಯ ರಾಣಿ ಪ್ರಮೀಳೆ ಅದನ್ನು ಕಟ್ಟಿಹಾಕಿಸಿ, ಹೆಂಗಸರ ದಂಡನ್ನು ಕಟ್ಟಿಕೊಂಡು ಅರ್ಜುನನಿಗೇ ಎದುರಾಗುತ್ತಾಳೆ. ಗಾಂಡೀವಿ ಕಂಗೆಡುತ್ತಾನೆ. ಕುದುರೆ ಹುಲಿಯಾಗುವ, ಹೆಂಗಸರು ದೇಶವಾಳುವ ಈ ಕಥೆಯನ್ನು ಇಂದು ಅಮೆರಿಕದ ಯಾವನಾದರೂ ಪ್ರಕಾಶಕ ಬಣ್ಣದ ಹೊದಿಕೆ ಹಾಕಿ ತಂದರೆ ನಾವು ಬೆರಗಾಗಿ ಬಾಯಿ ತೆರೆಯುತ್ತೇವೆ. ಆದರೆ ಮುಂದೇನಾಯಿತು? ಆಕಾಶವಾಣಿ ನುಡಿಯಿತು, ಅರ್ಜುನ ವಿವಾಹಕ್ಕೆ ಒಪ್ಪಿದ, ಪ್ರಮೀಳೆ ಹಸ್ತಿನಾವತಿಯ ದಾರಿ ಹಿಡಿದಳು. ಕುದುರೆ ಬಿಡುಗಡೆಯಾಗಿ ಮುಂದಿನ ದೇಶಕ್ಕೆ ಹೋಯಿತು. ಅದನ್ನು ಕಟ್ಟಿದವಳು ಅಂತಃಪುರಕ್ಕೆ ಹೋದಳು. ಹೆಣ್ಣನ್ನು ಮೃಗದ ಮೇಲೆ ಕೂರಿಸಲು ನಮ್ಮ ಕವಿಗಳು ಎಂದೂ ಹಿಂಜರಿಯಲಿಲ್ಲ. ಇಳಿಸದೆ ಬಿಡಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ.

ಕಾದಂಬರಿಯ ಕಾಲ ಬಂದಾಗ ಅಷ್ಟೂ ಹೋಯಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂದಂದಿನಿಂದ 'ಸಾಮಾಜಿಕ' ಎಂಬ ಶಬ್ದ ನಮ್ಮಲ್ಲಿ ಕಾದಂಬರಿಯ ಹಣೆಯ ಕುಂಕುಮವಾಗಿದೆ. ಅದರಿಂದ ಆದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಇದೇ ಗೋಕಾಕ ಸೀಮೆಯ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಬಡವರ ಹಸಿವನ್ನೂ ಮಠಗಳ ಕಪಟವನ್ನೂ ನೇರ ಮಾತಿನಲ್ಲಿ ಬರೆದು ನಮ್ಮ ಕಣ್ಣು ತೆರೆಸಿದರು. ಆದರೆ ಇದ್ದದ್ದನ್ನು ಇದ್ದಂತೆ ಬರೆಯುವುದೊಂದೇ ಪ್ರಾಮಾಣಿಕತೆ ಎಂಬ ನಿಯಮವನ್ನು ಕಟ್ಟೀಮನಿಯವರು ಮಾಡಲಿಲ್ಲ; ಅವರ ಹೆಸರು ಹೇಳಿ ಪಾಠಮಾಡುವವರು ಮಾಡಿದರು. ಈ ನಿಯಮಕ್ಕೆ ಉತ್ತರವೂ ಇಲ್ಲಿಯದೇ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 'ಚಕೋರಿ'ಯಲ್ಲಿ ಯಕ್ಷಿಯನ್ನು ಕರೆತಂದರು, ಶಿವಾಪುರವೆಂಬ ಊರನ್ನೇ ಕಟ್ಟಿದರು, 2010ನೆಯ ಸಾಲಿನ ಜ್ಞಾನಪೀಠವನ್ನೂ ಪಡೆದರು. ಪ್ರಶಸ್ತಿ ಬಂದ ದಿನ ಎಲ್ಲರೂ ಹಾರ ಹಾಕಿದೆವು. ಆದರೆ ಅವರು ತೆರೆದ ಬಾಗಿಲಿನಲ್ಲಿ ಹೊಕ್ಕ ಕಾದಂಬರಿಕಾರರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಇದೆಲ್ಲ ಪುಸ್ತಕದ ಮಾತು, ಹೆಣ್ಣಿಗೇನು ನಷ್ಟ ಎನ್ನುವವರು ನನ್ನೊಡನೆ ಗೋಕಾಕ ಮೂಡಲಗಿ ಸೀಮೆಯ ಒಂದು ಜಾತ್ರೆಗೆ ಬರಬೇಕು. ಅಲ್ಲಿ ಗಾಡಿ ಶರ್ಯತ್ತು ನಡೆಯುತ್ತದೆ. ಜೋಡೆತ್ತಿನದೂ ಉಂಟು, ಒಂದೇ ನೊಗಕ್ಕೆ ಒಂದು ಕಡೆ ಕುದುರೆ, ಒಂದು ಕಡೆ ಎತ್ತು ಹೂಡಿ ಓಡಿಸುವುದೂ ಉಂಟು. ಎರಡು ಜಾತಿಯ ಕಾಲು, ಎರಡು ಬಗೆಯ ಉಸಿರು, ಒಂದರ ಕೊಂಬು, ಇನ್ನೊಂದರ ಕೇಸರ. ಧೂಳಿನ ನಡುವಿನಿಂದ ಅದು ಎದ್ದು ಬರುವಾಗ ಎಂಟು ಕಾಲಿನ ಒಂದೇ ಘೋರ ಪ್ರಾಣಿಯಂತೆ ಕಾಣುತ್ತದೆ. ಘೋರಮೃಗ ನಮ್ಮ ಮಣ್ಣಿನದಲ್ಲವೆನ್ನುವವರು ಆಗ ದಾರಿ ಬಿಟ್ಟು ಸರಿಯುವುದು ಕ್ಷೇಮ.

ಆ ಎತ್ತಿಗೆ ಹುರುಳಿ ಬೇಯಿಸಿ ಇಟ್ಟವಳು, ಹತ್ತಿಕಾಳು ರುಬ್ಬಿದವಳು, ಜ್ವರ ಬಂದ ರಾತ್ರಿ ಕೊಟ್ಟಿಗೆಯಲ್ಲಿ ಕಂದೀಲು ಹಿಡಿದು ಕುಳಿತವಳು ಮನೆಯ ಹೆಂಗಸು. ಕರೆದರೆ ಅದು ತಿರುಗಿ ನೋಡುವುದು ಅವಳನ್ನು. ಆದರೆ ನಾನು ಕಂಡ ಒಂದು ಶರ್ಯತ್ತಿನಲ್ಲಿಯೂ ಹಗ್ಗ ಹೆಣ್ಣಿನ ಕೈಯಲ್ಲಿರಲಿಲ್ಲ. ಆ ಸೀಮೆಯ ಒಬ್ಬ ವಯಸ್ಸಾದ ತಾಯಿಯನ್ನು ಕೇಳಿದೆ: "ಯಾಕವ್ವಾ, ಹೆಣಮಕ್ಕಳು ಗಾಡಿ ಹೊಡೀಬಾರದೇನು? ಎತ್ತು ಕೇಳೂದಿಲ್ಲೇನು?" ಅವಳು ನಕ್ಕಳು. "ಎತ್ತಿಗೇನ ಗೊತ್ತೈತೋ ಯಪ್ಪಾ, ಗಂಡ್ಯಾವದು ಹೆಣ್ಯಾವದು? ಮಂದಿಗೆ ಗೊತ್ತೈತಿ."

ಈ ಶರ್ಯತ್ತುಗಳ ಬಗ್ಗೆ ದೇಶದಲ್ಲಿ ವಾದ ನಡೆಯದೆ ಇಲ್ಲ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ತಡೆಯಿತು. 2017ರಲ್ಲಿ ನಮ್ಮ ರಾಜ್ಯ ಕಂಬಳಕ್ಕೂ ಗಾಡಿ ಓಟಕ್ಕೂ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ನೋವಾಗುತ್ತದೆಯೇ, ಪರಂಪರೆ ಉಳಿಯಬೇಕೇ ಎಂದು ಒಂಬತ್ತು ವರ್ಷ ವಾದವಾಯಿತು. ಆಗಬೇಕಾದದ್ದೇ, ಬಾರುಕೋಲಿನ ಏಟಿಗೆ ನಾನೂ ವಿರೋಧಿ. ಆದರೆ ಪರಂಪರೆ ಪರಂಪರೆ ಎಂದು ಸಂತೆಯಲ್ಲಿ ಕೂಗಿದವರಲ್ಲಿ ಒಬ್ಬನಾದರೂ, "ಈ ಪರಂಪರೆಯಲ್ಲಿ ನನ್ನ ಮಗಳ ಪಾಲೆಷ್ಟು?" ಎಂದು ಕೇಳಿದ್ದನ್ನು ನಾನು ಕೇಳಲಿಲ್ಲ.

ಇದು ನಮ್ಮ ಊರಿನ ಹೊಸ ರೋಗವೇನಲ್ಲ. ಗ್ರೀಸ್ ದೇಶದ ಸ್ಪಾರ್ಟಾದಲ್ಲಿ ಕಿನಿಸ್ಕಾ ಎಂಬ ರಾಜಪುತ್ರಿ ಇದ್ದಳು. ಕ್ರಿಸ್ತಪೂರ್ವ 396ರಲ್ಲಿ, ಮತ್ತೆ 392ರಲ್ಲಿ, ಒಲಿಂಪಿಯದ ನಾಲ್ಕು ಕುದುರೆಯ ರಥದ ಪಂದ್ಯದಲ್ಲಿ ಅವಳ ಕುದುರೆಗಳು ಗೆದ್ದವು. ಕುದುರೆ ಅವಳದು, ಗೆಲವು ಅವಳ ಹೆಸರಿನದು. ಲಗಾಮು ಮಾತ್ರ ಗಂಡಸಿನ ಕೈಯಲ್ಲಿ. ಎರಡು ಸಾವಿರದ ನಾಲ್ಕುನೂರು ವರ್ಷಗಳ ಆಚೆಯ ಸ್ಪಾರ್ಟಾದ ಅರಮನೆಗೂ ಮೂಡಲಗಿಯ ಕೊಟ್ಟಿಗೆಗೂ ಇಷ್ಟು ಹತ್ತಿರದ ಸಂಬಂಧವಿದೆಯೆಂದು ನಮ್ಮ ಇತಿಹಾಸದ ಮೇಷ್ಟ್ರುಗಳು ಹೇಳಿಕೊಡಲಿಲ್ಲ.

ಹೊರನಾಡಿನ ಲೇಖಕಿಯರು ಈ ಗಂಟನ್ನು ಅದ್ಭುತ ಕಥೆಯಿಂದಲೇ ಬಿಚ್ಚತೊಡಗಿ ಬಹಳ ಕಾಲವಾಯಿತು. ಆನ್ ಮೆಕ್ಯಾಫ್ರಿಯ 'ಡ್ರ್ಯಾಗನ್‌ಫ್ಲೈಟ್' 1968ರಲ್ಲಿ ಬಂತು. ಅದರಲ್ಲಿ ಲೆಸ್ಸಾ ಎಂಬ ಹುಡುಗಿ ಅಡುಗೆಮನೆಯ ಚಾಕರಿಯಿಂದೆದ್ದು ರಾಣಿ ಡ್ರ್ಯಾಗನ್ನಿನ ಬೆನ್ನೇರುತ್ತಾಳೆ. ಮ್ಯಾಗಿ ಸ್ಟೀಫ್‌ವಾಟರ್ ಎಂಬಾಕೆಯ 'ದ ಸ್ಕಾರ್ಪಿಯೊ ರೇಸಸ್' 2011ರದು. ಸಮುದ್ರದಿಂದ ಎದ್ದುಬರುವ, ಮಾಂಸ ತಿನ್ನುವ ಕುದುರೆಗಳನ್ನು ಒಂದು ದ್ವೀಪದ ಗಂಡಸರು ವರ್ಷಕ್ಕೊಮ್ಮೆ ದಂಡೆಯ ಮೇಲೆ ಓಡಿಸುತ್ತಾರೆ. ತಂದೆತಾಯಿಯಿಲ್ಲದ ಹುಡುಗಿಯೊಬ್ಬಳು ಮನೆ ಉಳಿಸಿಕೊಳ್ಳಲು ತನ್ನ ಸಾಧಾರಣ ಕುದುರೆಯನ್ನೇ ಹಿಡಿದುಕೊಂಡು ಆ ಪಂದ್ಯಕ್ಕೆ ಹೆಸರು ಕೊಡುತ್ತಾಳೆ. ಮೃಗಗಳು ಅವಳಿಗೆ ಆಮೇಲಿನ ಭಯ. ಮೊದಲು ಎದುರಾಗುವವರು "ಇದುವರೆಗೆ ಹೆಣ್ಣು ಓಡಿಸಿಲ್ಲ" ಎನ್ನುವ ಊರಿನವರು. ಇದನ್ನು ಓದುವಾಗ ನನಗೆ ಆ ಮುದುಕಿಯ ಮಾತೇ ಕಿವಿಯಲ್ಲಿತ್ತು. ಇದ್ದದ್ದನ್ನು ಇದ್ದಂತೆ ಬರೆಯುವ ಕಾದಂಬರಿ ಹಗ್ಗವಿಲ್ಲದ ಹೆಣ್ಣಿನ ದುಃಖವನ್ನು ಬರೆಯಬಲ್ಲದು. ಹಗ್ಗ ಹಿಡಿದರೆ ಅವಳ ಅಂಗೈ ಹೇಗೆ ಉರಿಯುತ್ತದೆ, ಗೆದ್ದ ರಾತ್ರಿ ಅವಳು ಯಾರೊಡನೆ ಉಣ್ಣುತ್ತಾಳೆ ಎಂಬುದನ್ನು ಬರೆಯಲು ಇನ್ನೂ ಇಲ್ಲದ ಊರೊಂದನ್ನು ಕಟ್ಟಲೇಬೇಕು. ಅದಕ್ಕೆ 'ಪಲಾಯನ' ಎಂದು ಹೆಸರಿಡುವವರು ಓಡಿಹೋಗುವವನಿಗೂ ಓಡಿಸುವವಳಿಗೂ ಇರುವ ಅಂತರವನ್ನು ನೋಡಲಿ.

ಕಿತ್ತೂರ ಚೆನ್ನಮ್ಮನನ್ನು ನಾವು ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಕುದುರೆಯ ಮೇಲೆ ಕೂರಿಸಿದ್ದೇವಲ್ಲ ಎಂದು ಒಬ್ಬ ಮಿತ್ರರು ನನಗೆ ಸಮಾಧಾನ ಹೇಳಿದರು. ಹೌದು, ಕೂರಿಸಿದ್ದೇವೆ. ಆ ಕುದುರೆ ಲೋಹದ್ದು. ಕಾಲೆತ್ತಿದ್ದರೂ ಓಡುವುದಿಲ್ಲವೆಂಬ ಧೈರ್ಯ ನಮಗಿದೆ.

ಇನ್ನು ಬರೆಯಹೊರಡುವವರಿಗೆ ಒಂದು ಮಾತು. ಡ್ರ್ಯಾಗನ್ನನ್ನು ಎರವಲು ತರಬೇಡಿ. ಗರುಡನಿದ್ದಾನೆ, ಹುಲಿಯಾಗುವ ಕುದುರೆಯಿದೆ, ಕುದುರೆ ಎತ್ತು ಕೂಡಿದ ಎಂಟು ಕಾಲಿನದೂ ಇದೆ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಬಿಳಿಯ ಎತ್ತು ಮುಂದೆ ಬಂತೆ, ಕೆಂದೆತ್ತು ಬಂತೆ ಎಂದು ನೋಡಿ ಬರುವ ವರ್ಷದ ಬೆಳೆಯನ್ನೇ ಹೇಳುವ ಜನ ನಾವು. ಓಟದ ಮೇಲೆ ಒಂದು ರಾಜ್ಯದ ಅದೃಷ್ಟವೇ ನಿಂತಿದೆಯೆಂದು ಬರೆದರೆ ಇಲ್ಲಿಯ ಓದುಗ ನಂಬದೆ ಹೋಗುವುದಿಲ್ಲ. ಆ ಹೆಣ್ಣಿನ ಬಾಯಲ್ಲಿ ಮಾತ್ರ ಅನುವಾದದ ಕನ್ನಡವನ್ನು ತುರುಕಬಾರದು. ಪಾರಿಜಾತದ ಭಾಮೆ ಬಾಗಿಲಲ್ಲಿ ನಿಂತು ಕೃಷ್ಣನನ್ನು ಮಾತಿಗೆಳೆಯುವ ಆ ಕುಲಗೋಡದ ಕನ್ನಡದಲ್ಲಿಯೇ ಅವಳು ತನ್ನ ಮೃಗವನ್ನು ಬೈದು, ಮುದ್ದಿಸಿ, ಗದರಿಸಿ ಗೆರೆಗೆ ತಂದು ನಿಲ್ಲಿಸಲಿ. ಓಟ ಮುಗಿದ ಮೇಲೆ ಅವಳನ್ನು ಯಾರ ಮನೆಗೆ ಕಳಿಸಬೇಕೆಂಬ ಪ್ರಶ್ನೆ ಬಂದರೆ ಆಕಾಶವಾಣಿಯನ್ನು ಕೇಳಬೇಡಿ, ಅವಳನ್ನೇ ಕೇಳಿ.