ಬಣ್ಣ ಹೋಯಿತು, ಎಣ್ಣೆ ಉಳಿಯಿತು

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಆಗ ನಮ್ಮ ಅಮೀನಗಡದಲ್ಲೂ ಕ್ಯಾನ್ಸರ್‌ನದೇ ಮಾತು. ಈಗ ಗೋಬಿಯ ಕೆಂಪು ತಗ್ಗಿದೆ, ಬಂಡಿ ಮುಂದಿನ ಗುಂಪು ತಗ್ಗಿಲ್ಲ. ಆ ಗುಂಪಿನಲ್ಲಿ ನಾನೂ ಇದ್ದೇನೆ.

ಬಣ್ಣ ಹೋದರೆ ಚಿಂತೆ ಮುಗಿಯಿತೇ? ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುವುದೇ ಉರಿಯೂತ. ಅದು ದೇಹದ ರಕ್ಷಣೆ. ಗಾಯ ಮಾಯ್ದಂತೆ ತಾನೂ ಇಳಿಯುತ್ತದೆ. ಆದರೆ ತಂಬಾಕು, ಬೊಜ್ಜು, ದಿನವೂ ತಿನ್ನುವ ಸಕ್ಕರೆ, ಮೈದಾ, ಕರಿದ ತಿಂಡಿಗಳಿಂದ ಒಳಗೊಳಗೇ ಸಣ್ಣ ಉರಿಯೂತ ವರ್ಷಗಟ್ಟಲೆ ಉಳಿಯಬಹುದು. ಜೀವಕೋಶಗಳು ಮತ್ತೆ ಮತ್ತೆ ಹಾನಿಗೊಂಡು, ಮತ್ತೆ ಮತ್ತೆ ವಿಭಜನೆಯಾಗುವಾಗ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತವೆ. ಕ್ಯಾನ್ಸರ್‌ಗೆ ದಾರಿಯಾಗುವುದು ಇದೇ.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಊಟಕ್ಕೆ ಉರಿಯೂತದ ಅಂಕ ಕೊಡುವ ಸೂಚ್ಯಂಕ ರೂಪಿಸಿದ್ದಾರೆ. ಅದರ 45 ಅಂಶಗಳಲ್ಲಿ ನಾರು, ಅರಿಸಿನ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಉರಿಯೂತ ತಗ್ಗಿಸುವ ಕಡೆ ನಿಲ್ಲುತ್ತವೆ. ಅಂಕ ಹೆಚ್ಚಿದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಇದು ನಂಟು ಮಾತ್ರ. ಒಂದು ಪ್ಲೇಟ್ ಗೋಬಿಯಿಂದ ಕ್ಯಾನ್ಸರ್ ಬರುವುದಿಲ್ಲ, ಒಂದು ಚಮಚ ಅರಿಸಿನದಿಂದ ತಪ್ಪುವುದೂ ಇಲ್ಲ. ನಮ್ಮೂರಿಗೆ ಹೆಸರು ತಂದ ಕರದಂಟಿನ ಬೆಲ್ಲವೂ ಸಕ್ಕರೆಯೇ. ಗುಟ್ಕಾ ಜಗಿಯುತ್ತ ಊಟದ ಲೆಕ್ಕ ಹಾಕಿದರಂತೂ ಅರ್ಥವೇ ಇಲ್ಲ.

ಕರಿಯುವ ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯಲು 2018ರ ಜುಲೈನಿಂದ ದೇಶದಲ್ಲಿ ನಿಯಮವಿದೆ: ಅದರಲ್ಲಿನ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದು. ಆದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ಈ ಶೇ 25 ಕಾಣುವುದಿಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ.

ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಪುಂಡಿ ಸೊಪ್ಪು, ಹಸಿ ಉಳ್ಳಾಗಡ್ಡಿ ನಮ್ಮ ಮನೆಯ ಊಟ. ಈ ನಾರನ್ನು ತಿಂದು ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಬ್ಯುಟಿರೇಟ್ ಉರಿಯೂತವನ್ನು ತಣಿಸುತ್ತದೆ. ಆದರೆ ಬೆಳಗಿನ ಬಸ್ಸಿಗೆ ರೊಟ್ಟಿ ಬಡಿಯಬೇಕೆಂದರೆ ಅವ್ವ ಐದಕ್ಕೇ ಏಳಬೇಕು. ‘ಬೇಡ ಅವ್ವಾ, ಅಲ್ಲೇ ತಿಂತೀನಿ’ ಎಂದು ಎರಡು ವರ್ಷ ಹೇಳಿದೆ. ಅಲ್ಲಿ ತಿಂದದ್ದು ಪೂರಿ, ಭಜಿ, ಗೋಬಿ. ಅವಳ ನಿದ್ದೆ ಉಳಿಸಲು ನಾನೇ ರೊಟ್ಟಿ ಬಡಿಯಲು ಕಲಿಯಬಹುದು ಎಂದು ಹೊಳೆದದ್ದು ಈಚೆಗೆ. ಇನ್ನೂ ದುಂಡಗೆ ಬರುತ್ತಿಲ್ಲ.

ಎಲ್ಲರಿಗೂ ಇದು ಆಗದು. ಹಾಸ್ಟೆಲ್‌ನಲ್ಲಿರುವವರು, ಪರೀಕ್ಷೆ ಬರೆಯಲು ಊರೂರು ಅಲೆಯುವವರು ಏನು ಮಾಡಬೇಕು? ಕಾಲೇಜು ಕ್ಯಾಂಟೀನ್‌ನಲ್ಲಿ ಪೂರಿಯ ಬೆಲೆಗೇ ರೊಟ್ಟಿ, ಕಾಳುಪಲ್ಯ ಸಿಗಲಿ ಎಂದು ನಾವು ಕೇಳಬೇಕು. ಜೊತೆಗೆ, ಬಾಣಲೆಯ ಎಣ್ಣೆ ಯಾವಾಗ ಬದಲಾಯಿಸಿದಿರಿ ಎಂದೂ.