ತಕ್ಕಡಿಗೆ ತೋರದ ಮೇದಸ್ಸು

ನಲವತ್ತೈದು ದಾಟಿದ ಸ್ತ್ರೀಯರ ಉದರವೃದ್ಧಿಗೆ ಆಲಸ್ಯವೊಂದೇ ಕಾರಣವೆಂದೂ, ತೂಕವೇರದವರು ಚಿಂತಿಸಬೇಕಾದುದಿಲ್ಲವೆಂದೂ ಕಳೆದ ಸಂಚಿಕೆಯ ಲೇಖಕರು ಬರೆದಿರುವುದನ್ನು ನಾನು ಒಪ್ಪಲಾರೆನು. ಎರಡನೆಯ ಮಾತಂತೂ ಅಪಾಯಕಾರಿಯಾದುದು.

ಋತುಚಕ್ರವು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಕ್ಷೀಣಿಸಿದಂತೆ, ಅದುವರೆಗೆ ತೊಡೆ ನಿತಂಬಗಳ ಚರ್ಮದಡಿಯಲ್ಲಿ ಬಹುಮಟ್ಟಿಗೆ ನಿರುಪದ್ರವಿಯಾಗಿ ಸಂಚಯವಾಗುತ್ತಿದ್ದ ಮೇದಸ್ಸು ಕರುಳುಗಳ ಸುತ್ತಲೂ, ಯಕೃತ್ತಿನೊಳಗೂ, ಹೃದಯದ ಮೇಲೂ ನೆಲೆಸತೊಡಗುತ್ತದೆ. ವಯೋಧರ್ಮದಿಂದ ಸ್ನಾಯುಗಳು ಅದೇ ವೇಳೆಗೆ ಕರಗುವುದರಿಂದ, ತಕ್ಕಡಿಯ ಮುಳ್ಳು ಅಲುಗದೆಯೂ ಈ ಪಲ್ಲಟವು ನಡೆದುಹೋಗಬಲ್ಲುದು. ಕರುಳಿನ ಸುತ್ತಣ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹರಿದು, ಇನ್ಸುಲಿನ್ನಿನ ಶಕ್ತಿಯನ್ನು ಕುಂದಿಸಿ, ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿಮಾಡುತ್ತವೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ಬೆಳಗಿನಿಂದ ಇರುಳಿನವರೆಗೆ ಮನೆಗೆಲಸದಲ್ಲಿ ನಿಂತೇ ಇರುವ ತಾಯಂದಿರನ್ನೂ, ಸಿರುಗುಪ್ಪದ ಗದ್ದೆಗಳಲ್ಲಿ ಬಾಗಿ ಭತ್ತ ನೆಡುವವರನ್ನೂ ಆಲಸಿಗಳೆಂದು ಕರೆಯುವುದು ಅನ್ಯಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಋತುಬಂಧವನ್ನು ಇನ್ನೂ ಕಾಣದವರೇ ಹೆಚ್ಚಾಗಿದ್ದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿಯೇ ಉದರಸ್ಥೌಲ್ಯವು ಶೇ. 40ರಷ್ಟಿತ್ತು, ಪುರುಷರಲ್ಲಿ ಶೇ. 12; ಋತುಬಂಧದ ಬಳಿಕ ಅದು ಇನ್ನೂ ಹೆಚ್ಚುವುದು ಅಚ್ಚರಿಯಲ್ಲ.

ನಡಿಗೆಯನ್ನು ಕುರಿತ ಆ ಲೇಖಕರ ಸಲಹೆ ಯುಕ್ತವಾದುದೇ. ಆದರೆ ಸ್ನಾಯುಗಳನ್ನು ಉಳಿಸುವ ಭಾರದ ವ್ಯಾಯಾಮವೂ, ಅನ್ನವನ್ನು ತಗ್ಗಿಸಿ ಬೇಳೆಕಾಳುಗಳನ್ನು ಹೆಚ್ಚಿಸುವುದೂ ಅಷ್ಟೇ ಅವಶ್ಯ. ಸೊಂಟದಳತೆ 80 ಸೆಂಟಿಮೀಟರ್ ಮೀರಿದ ಸೋದರಿಯರು, ತೂಕವೆಷ್ಟೇ ಇರಲಿ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ಸಮೀಪದ ವೈದ್ಯರಲ್ಲಾಗಲಿ ರಕ್ತದ ಸಕ್ಕರೆಯನ್ನೂ ಯಕೃತ್ತನ್ನೂ ಪರೀಕ್ಷಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.